ಮೈಲವ್ವನ ಬುಧವಾರಗಳು

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರನ್ನು ಕಂಡವರಿಗೆ ಅವರ ಬಾಯಿಯ ಪರಿಚಯವೂ ಇದ್ದೇ ಇರುತ್ತದೆ. ನಲವತ್ತು ಮಂದಿ ಗೋದಾಮಿನ ನೆಲ ಹಿಡಿದು ಕೂತರೆಂದರೆ ಕೈ ತನ್ನ ಪಾಡಿಗೆ, ಮಾತು ತನ್ನ ಪಾಡಿಗೆ. ಯಾರ ಸೊಸೆ ಎದುರು ಮಾತಾಡಿದಳು, ಯಾರ ಎಮ್ಮೆ ಈದಿತು, ಯಾರ ಗಂಡ ಯಾವ ಅಂಗಡಿಯ ಮುಂದೆ ನಿಂತಿದ್ದ ಎಂಬುದೆಲ್ಲ ಸಂಜೆಯೊಳಗೆ ಇತ್ಯರ್ಥವಾಗುತ್ತಿತ್ತು. ಮೈಲವ್ವ ಇಂಥ ಗದ್ದಲದೊಳಗೆ ಇಪ್ಪತ್ತೆಂಟು ವರ್ಷ ಕೂತವಳು. ಹೀಗಾಗಿ ತಾನು ಒಂಟಿ ಎನ್ನುವುದು ಅವಳಿಗೆ ಬಹಳ ತಡವಾಗಿ ತಿಳಿಯಿತು.

ಹುಟ್ಟಿದ್ದು ಕುಪ್ಪೇಲೂರಿನಲ್ಲಿ. ಹದಿನೇಳಕ್ಕೆ ಮದುವೆಯಾಗಿ ಬ್ಯಾಡಗಿಗೆ ಬಂದಳು. ಗಂಡ ಶಂಕ್ರಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲ. ಮಕ್ಕಳಾಗಲಿಲ್ಲ. ಅದಕ್ಕಾಗಿ ಕೂತು ಅಳಲು ಅವಳಿಗೆ ಪುರಸೊತ್ತೂ ಇರಲಿಲ್ಲ, ಅಂಥ ಸ್ವಭಾವವೂ ಅಲ್ಲ. ಹನ್ನೊಂದು ವರ್ಷದ ಹಿಂದೆ ಶಂಕ್ರಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ಆಗಲೂ ಅವಳು ಹದಿನಾಲ್ಕನೆಯ ದಿನ ಗೋದಾಮಿಗೆ ಹೋಗಿ ಕೂತಳು, ಆ ನಲವತ್ತು ಬಾಯಿಗಳು ಅವಳ ದುಃಖವನ್ನೂ ಹಂಚಿಕೊಂಡು ತಿಂದವು. ಆಮೇಲೆ ತೊಟ್ಟು ಬಿಡಿಸುವ ಯಂತ್ರ ಬಂತು. ಇವಳ ಮೊಣಕಾಲು ಹಿಡಿಯಿತು. ನಲವತ್ತು ಮಂದಿ ಹದಿನೈದಾದರು, ಆ ಹದಿನೈದರಲ್ಲಿ ಮೈಲವ್ವ ಇರಲಿಲ್ಲ.

ಆಗ ಸಿಕ್ಕಿದ್ದು ಶ್ರದ್ಧಾಳ ಕೆಲಸ. ಶ್ರದ್ಧಾ ಹಾವೇರಿಯ ಮೇಷ್ಟ್ರ ಮನೆಯ ಹುಡುಗಿ. ಮೋಟೆಬೆನ್ನೂರು ರಸ್ತೆಯಲ್ಲಿ ಹಳೆಯದೊಂದು ಗೋದಾಮು ಹಿಡಿದು, ಬ್ಯಾಡಗಿ ಮೆಣಸಿನಕಾಯಿಯನ್ನು ಕಾಲು ಕಿಲೋ, ಅರ್ಧ ಕಿಲೋ ಮಾಡಿ ಕೊರಿಯರಿನಲ್ಲಿ ಊರೂರಿನ ಮನೆಗಳಿಗೆ ಕಳಿಸುತ್ತಿದ್ದಳು. ಅವಳಿಗೊಂದು ಹುಚ್ಚು. ಒಳ್ಳೆಯ ಹುಚ್ಚೇ ಅನ್ನಿ. ತನ್ನ ಸಾಮಾನಿನ ಜೊತೆ ಒಂದು ಚೂರು ಪ್ಲಾಸ್ಟಿಕ್ ಯಾರ ಮನೆಗೂ ಹೋಗಬಾರದು. ಡಬ್ಬಗಳು ಕಿರಾಣಿ ಅಂಗಡಿಯವರು ಬಿಸಾಡಿದ ರಟ್ಟಿನವು, ತಿರುವಿ ಮಡಿಸಿದವು. ಒಳಗೆ ಅಲುಗಾಡದಂತೆ ತುರುಕಲು ಮೆಕ್ಕೆಜೋಳದ ಒಣ ಸಿಪ್ಪೆ. ಮೇಲೆ ಅಂಟಿಸಲು ಕಾಗದದ ಪಟ್ಟಿ. ದಿನಾ ಅರ್ಧ ಖಾಲಿ ಗಾಡಿ ಓಡಬಾರದೆಂದು ವಾರಕ್ಕೆರಡೇ ಸಲ ಒಟ್ಟಿಗೆ ರವಾನೆ. ಜನ ನಕ್ಕರು. ಮೈಲವ್ವನೂ ಒಳಗೊಳಗೇ ನಕ್ಕಳು, ಆದರೆ ಹೇಳಿದಂತೆ ಮಾಡಿದಳು. ಕಾಯಿ ತೂಗಿ ಚೀಲಕ್ಕೆ ತುಂಬಿ ಡಬ್ಬ ಕಟ್ಟುವ ಕೆಲಸ ಹಗುರ, ಕುರ್ಚಿಯ ಮೇಲೆ ಕೂತು ಮಾಡುವಂಥದ್ದು. ಕಷ್ಟ ಒಂದೇ, ಮಾತಾಡಲು ಯಾರೂ ಇರಲಿಲ್ಲ. ಶ್ರದ್ಧಾ ವಾರಕ್ಕೆರಡು ಸಲ ಬಂದರೆ ಹೆಚ್ಚು, ಬಂದಾಗಲೂ ಫೋನು ಅವಳ ಕಿವಿ ಬಿಡುತ್ತಿರಲಿಲ್ಲ. ಉಳಿದ ದಿನ ನಾಲ್ಕು ಗೋಡೆ, ಒಂದು ತಕ್ಕಡಿ, ಒಂದು ಫ್ಯಾನು. ಸಂಜೆ ಮನೆಗೆ ಹೋದರೂ ಅಷ್ಟೇ, ಅಲ್ಲಿ ಫ್ಯಾನೂ ಸದ್ದು ಮಾಡುತ್ತಿರಲಿಲ್ಲ.

ಬುಧವಾರ ಮಾತ್ರ ಕೈಸರ ಬರುತ್ತಿದ್ದಳು.

ಕೈಸರ ರಾಣೇಬೆನ್ನೂರಿನವಳು. ಮೂವತ್ತೈದರ ಆಸುಪಾಸು. ಗಂಡ ಜಾಕೀರ್ ಬಾಡಿಗೆ ಆಟೋ ಓಡಿಸುತ್ತಾನೆ. ಇವಳು ಮನೆಯಲ್ಲಿ ಕೂತು ಶ್ರದ್ಧಾಳಿಗೆ ಚೀಲ ಮಾಡಿಕೊಡುತ್ತಿದ್ದಳು. ಹನ್ನೊಂದರ ಬಸ್ಸಿಗೆ ಚೀಲದ ಗಂಟು ಹೊತ್ತು ಬಂದರೆ ಎರಡರ ಬಸ್ಸಿನವರೆಗೆ ಮೂರು ತಾಸು ಮೈಲವ್ವನ ಎದುರಿಗೆ ಕೂರುವಳು. ಆ ಮೂರು ತಾಸಿಗಾಗಿ ಮೈಲವ್ವ ಮಂಗಳವಾರ ಸಂಜೆಯೇ ಚುರುಮುರಿ, ಪುಟಾಣಿ ಕಡಲೆ, ಈರುಳ್ಳಿ ತಂದಿಡುವಳು. ಹೇಳಬೇಕಾದದ್ದನ್ನು ವಾರವಿಡೀ ನೆನಪಿಟ್ಟು ಕೂಡಿಡುವಳು. ಬೀದಿಯ ನಾಯಿ ಮರಿ ಹಾಕಿದ್ದನ್ನೂ ಬುಧವಾರದವರೆಗೆ ಕಾಪಾಡಿಕೊಂಡು ಹೇಳುವಳು. ಕೈಸರ ಅದನ್ನೆಲ್ಲ ನಿಜವಾಗಿ ಕೇಳುತ್ತಿದ್ದಳು, ಅದೇ ಅವಳ ದೊಡ್ಡತನ.

ಮೊದಲ ವರ್ಷ ಚೀಲಗಳು ಹತ್ತಿಬಟ್ಟೆಯವು. ಚೆನ್ನಾಗಿದ್ದವು, ಆದರೆ ಘಾಟು ಸೋರುತ್ತಿತ್ತು. ಕೊರಿಯರಿನವರು ಸೀನಿ ಸೀನಿ ಸಾಕಾಗಿ, ಇನ್ನು ಮೇಲೆ ಹೀಗೆ ಕೊಟ್ಟರೆ ಒಯ್ಯುವುದಿಲ್ಲ ಅಂದರು. ಶ್ರದ್ಧಾ ಎಲ್ಲೆಲ್ಲೋ ಹುಡುಕಿ ಹೊಸದೊಂದು ತೆಳು ಹಾಳೆ ತರಿಸಿದಳು. ನೋಡಲು ಪ್ಲಾಸ್ಟಿಕ್ಕಿನಂತೆಯೇ ಇದೆ, ಆದರೆ ಮೆಕ್ಕೆಜೋಳದಿಂದ ಮಾಡಿದ್ದು, ಗೊಬ್ಬರದ ಗುಂಡಿಯಲ್ಲಿ ಕರಗುತ್ತದೆ. ಹೊರಗೆ ಕಂದು ಕಾಗದ, ಒಳಗೆ ಈ ಹಾಳೆ, ಎರಡನ್ನೂ ಮೈದಾ ಅಂಟಿನಿಂದ ಕೂಡಿಸಿ ಕೈಸರ ಚೀಲ ಮಾಡತೊಡಗಿದಳು. ಜುಲೈ ಕೊನೆಯಿಂದ ಆ ಚೀಲಗಳೇ ಹೋಗತೊಡಗಿದವು. ಘಾಟು ನಿಂತಿತು. ಕೊರಿಯರಿನವರು ಸುಮ್ಮನಾದರು.

ಆಗಸ್ಟಿನಲ್ಲಿ ಫೋಟೋಗಳು ಬರತೊಡಗಿದವು. ಪುಣೆಯಿಂದ, ಮೈಸೂರಿನಿಂದ, ಇನ್ನೆಲ್ಲಿಂದಲೋ. ಚೀಲ ಒಡೆದರೆ ಒಳಗೆ ಬೂಷ್ಟು. ಎರಡೇ ವಾರದಲ್ಲಿ ಅರವತ್ತು ಚೀಲ ಗೋದಾಮಿಗೆ ವಾಪಸು ಬಂದವು.

ಶ್ರದ್ಧಾ ಓಡಿ ಬಂದಳು. ಹೆಂಚು ನೋಡಿದಳು, ಗೋಡೆ ಮುಟ್ಟಿ ನೋಡಿದಳು. "ಮೈಲವ್ವಾ, ಎಲ್ಲ್ಯರ ಮಳಿ ನೀರು ಸೋರ್‍ಲಿಕ್ಕತ್ತದ ಏನು?"

"ಇಲ್ಲರಿ ಅಕ್ಕಾರ. ಹನಿ ಸುದ್ದಾ ಬಿದ್ದಿಲ್ಲ."

ಅದು ಖರೇನೇ ಇತ್ತು. ಶ್ರದ್ಧಾ ಅಲ್ಲಿಂದಲೇ ಕೈಸರಳಿಗೆ ಫೋನು ಹಚ್ಚಿ, ಅಂಟು ಸರಿಯಾಗಿ ಒಣಗುತ್ತದೆಯೇ ಎಂದು ಕೇಳಿದಳು. ಕೈಸರಳಿಗೆ ಸುಳ್ಳು ಬರುವುದಿಲ್ಲ. "ಮಳಿಗಾಲರೀ ಅಕ್ಕಾರ, ಸ್ವಲ್ಪ ತಡಾ ಆಕ್ಕೇತಿ," ಅಂದುಬಿಟ್ಟಳು. ಅಷ್ಟೇ ಸಾಕಾಯಿತು. ಹಸಿ ಅಂಟಿನಿಂದಲೇ ಬೂಷ್ಟು ಎಂದು ತೀರ್ಮಾನವಾಯಿತು. ಶ್ರದ್ಧಾ ಕುರ್ಚಿಯ ಮೇಲೆ ಕುಸಿದು ಕೂತು, "ಇನ್ನ ನನ್ನ ಕಡೆ ಆಗೂದಿಲ್ಲ. ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಪಾಕೀಟನ ತರಿಸ್ತೇನಿ. ಕೈಸರಗ ಬ್ಯಾಡ ಅಂತ ಹೇಳಿಬಿಡ್ತೇನಿ," ಅಂದಳು. ಅವಳ ಮುಖ ನೋಡಿದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅನ್ನಬೇಕು. ಕೆಟ್ಟ ಚೀಲಗಳನ್ನೆಲ್ಲ ಒಡೆದು ಗುಂಡಿಗೆ ಹಾಕಲು ಹೇಳಿ ಹೋದಳು.

ಮೈಲವ್ವ ಒಡೆಯುತ್ತ ಕೂತಳು. ನಾಲ್ಕು ಚೀಲ ಒಡೆದಳು, ಐದನೆಯದಕ್ಕೆ ಕೈ ನಿಂತಿತು. ಅಂಟು ಹಚ್ಚಿದ ಅಂಚು ಒಣಗಿ ಗರಿಗರಿಯಾಗಿತ್ತು. ಅಲ್ಲಿ ಬೂಷ್ಟಿನ ಸುಳಿವಿಲ್ಲ. ಬೂಷ್ಟು ಇದ್ದದ್ದು ನಡುವೆ, ಕಾಯಿಗಳ ಒಳಗೆ. ಹಾಳೆಯ ಒಳಮೈಗೆ ಅನ್ನದ ಪಾತ್ರೆಯ ಮುಚ್ಚಳದಂತೆ ಸಣ್ಣ ಸಣ್ಣ ಹನಿ ನಿಂತಿದ್ದವು.

ಅವಳಿಗೆ ಅರ್ಥವಾಯಿತು.

ಒಣಗಿದ ಮೆಣಸಿನಕಾಯಿಯನ್ನು ಹಾಗೆಯೇ ಮುಟ್ಟಿದರೆ ಮುರಿಯುತ್ತದೆ, ಬೀಜ ಉದುರುತ್ತದೆ, ಘಾಟು ಮೂಗಿಗೇರುತ್ತದೆ. ಅದಕ್ಕೆ ಹಿಂದಿನ ಸಂಜೆಯೇ ತಂಬಿಗೆಯಲ್ಲಿ ಕೈ ಅದ್ದಿ, ರಾಶಿಯ ಮೇಲೆ ನಾಲ್ಕು ಸಲ ನೀರು ಚಿಮುಕಿಸಿ, ಗೋಣಿ ಮುಚ್ಚಿಡುವುದು. ಬೆಳಿಗ್ಗೆ ಕಾಯಿ ಮೆತ್ತಗಾಗಿ ಹೇಳಿದಂತೆ ಬಾಗುತ್ತದೆ. ತೊಟ್ಟು ಬಿಡಿಸುವವರು ಇದನ್ನು ಕೆಲಸ ಎಂದೂ ಎಣಿಸುವುದಿಲ್ಲ, ಅಂಗಳಕ್ಕೆ ನೀರು ಹಾಕಿದಷ್ಟು ಸಹಜ. ಗೋಣಿಚೀಲದೊಳಗೆ ಆ ತೇವ ಒಂದೇ ದಿನಕ್ಕೆ ಹಾರಿಹೋಗುತ್ತದೆ. ಬಟ್ಟೆಚೀಲದಲ್ಲೂ ಹಾರಿಹೋಗಿತ್ತು. ಈ ಹೊಸ ಹಾಳೆ ಘಾಟನ್ನೂ ಬಿಡದು, ತೇವವನ್ನೂ ಬಿಡದು. ಶ್ರದ್ಧಾ ಹೇಳಿದಂತೆ ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿದ ಕಾಯಿಗೆ ಮೈಲವ್ವ ಪ್ರತಿ ಸಂಜೆ ತಾನೇ ಕೈಯಾರೆ ನೀರು ಹಾಕಿದ್ದಳು. ಮಳೆಯ ಬಗ್ಗೆ ಕೇಳಿದಾಗ ಈ ನೀರು ಅವಳ ನೆನಪಿಗೇ ಬಂದಿರಲಿಲ್ಲ.

ಹೇಳಬೇಕು ಅಂದುಕೊಂಡಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಬುಧವಾರವಾಗಿತ್ತು.

ಕೈಸರ ಬಂದವಳು ಗಂಟು ಇಳಿಸಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಕೂತಳು. "ಬಸ್ಸಿನ್ಯಾಗ ಇದ್ದಾಗ ಶ್ರದ್ಧಾ ಅಕ್ಕಾರ ಫೋನ್ ಬಂತು, ವಾಪಸ್ ಒಯ್ಯಬೇಕಂತ, ಅಕ್ಕಾ. ನಲವತ್ತ ಚೀಲ. ನಾ ಅಂಟ ಭಾಳ ತೆಳ್ಳಗ ಕಾಸ್ತಿದ್ದೆ ಅನಸ್ತೇತಿ. ನನ್ನ ಕೈಯಾಗ ಏನೋ ಕೆಟ್ಟದ್ದ ಐತಿ ನೋಡ್ರಿ, ಯಾವ ಕೆಲಸಾನೂ ನಿಂದರಂಗಿಲ್ಲ," ಎಂದು ಅಳತೊಡಗಿದಳು. ತನ್ನ ಬಲಗೈಯಿಂದ ಎಡಗೈಯನ್ನು ಹೊಡೆದುಕೊಂಡಳು.

ಮಾತು ಮೈಲವ್ವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೈಸರ ಕಣ್ಣೊರೆಸಿಕೊಂಡು, "ಆದ್ರ ಚೀಲ ಇಲ್ದಿದ್ರೂ ನಾ ಬುಧವಾರಕ್ಕೊಮ್ಮೆ ಬಂದ ಹೋಗ್ತೇನ್ರಿ. ನಿಮ್ಮನ್ನ ನೋಡ್ದಿದ್ರ ನನಗೂ ಹೊತ್ತ ಹೋಗೂದಿಲ್ಲ," ಅಂದಳು.

ಮೈಲವ್ವ ಬಂದ ಮಾತನ್ನು ನುಂಗಿದಳು. ಎದ್ದು ಚುರುಮುರಿಗೆ ಎಣ್ಣೆ ಖಾರ ಹಾಕಿ ಕಲಸಿ ಕೊಟ್ಟಳು.

ಅವಳನ್ನು ಕೆಟ್ಟವಳೆಂದು ಬೈಯುವುದು ಸುಲಭ. ಮೂರು ತಾಸಿಗಾಗಿ ಆರೂವರೆ ದಿನ ಕಾಯುವವರನ್ನು ಕಂಡಿದ್ದರೆ ನಾವು ಅಷ್ಟು ಬೇಗ ಬೈಯಲಾರೆವು. ಅವಳ ತಲೆಯಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಪ್ಲಾಸ್ಟಿಕ್ ಪಾಕೀಟು ಬರುತ್ತದೆ. ತಾನು ನೀರು ಚಿಮುಕಿಸುವುದನ್ನು ನಿಲ್ಲಿಸಿದರೆ ಬೂಷ್ಟೂ ನಿಲ್ಲುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ, ಕೈಸರ ಬರುತ್ತಲೇ ಇರುತ್ತಾಳೆ. ಹೇಳಿದರೆ ಕೈಸರಳಿಗೆ ಕೆಲಸ ಸಿಗುತ್ತದೆ, ತನ್ನಿಂದಲೇ ಹೀಗಾಯಿತೆಂದು ತಿಳಿದರೆ ತನಗೆ ಕೈಸರ ಸಿಗುವುದಿಲ್ಲ.

ಮುಂದಿನ ಬುಧವಾರ ಕೈಸರ ನಿಜವಾಗಿಯೂ ಬರಿಗೈಯಲ್ಲಿ ಬಂದಳು. ಮೈಲವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗಂಟಿಲ್ಲ, ಕೆಲಸವಿಲ್ಲ, ಇಷ್ಟು ದೂರ ಬಂದದ್ದು ಬರೀ ತನಗಾಗಿ. ಜೀವನದಲ್ಲಿ ಬರೀ ತನಗಾಗಿ ಬಸ್ಸು ಹತ್ತಿ ಬಂದವರು ಬೇರೆ ಯಾರೂ ಇರಲಿಲ್ಲ. ಚುರುಮುರಿ ತಟ್ಟೆ ಮುಂದಿಟ್ಟಳು. ಕೈಸರ ಬೆರಳು ಹಾಕಿದವಳು ಸ್ಸ್ ಎಂದು ಹಿಂದೆ ತೆಗೆದಳು. ಬೆರಳ ಸಂದಿಯಲ್ಲಿ ಕೆಂಪಗೆ ಸೀಳಿತ್ತು.

"ಏನಾತು?"

"ಕಲ್ಯಾಣ ಮಂಟಪದಾಗ ಪಾತ್ರಿ ತಿಕ್ಕಾಕ ಹೊಂಟೇನ್ರಿ. ಸೋಡಾ ಪುಡಿ ಹತ್ತಿ ಹಿಂಗಾಗೇತಿ. ಖಾರ ತಾಗಿ ಉರೀತು, ಅಷ್ಟ." ಆಮೇಲೆ ಅವಳು ಎಡಗೈಯಲ್ಲಿ ತಿಂದಳು, ಏನೋ ತಮಾಷೆಯ ಮಾತು ಹೇಳಿ ನಕ್ಕಳು ಕೂಡ. ಮೈಲವ್ವ ಆ ಸೀಳಿದ ಬೆರಳನ್ನೇ ನೋಡುತ್ತ ಕೂತಳು. ಎರಡರ ಬಸ್ಸಿಗೆ ಕೈಸರ ಹೋದಳು. ಮೈಲವ್ವ ಗೋದಾಮಿನ ಬಾಗಿಲಲ್ಲಿ ನಿಂತು, ಪಕ್ಕದ ಅಂಗಡಿಯ ಹುಲಿಗೇಶನಿಂದ ಶ್ರದ್ಧಾಳಿಗೆ ಫೋನು ಹಚ್ಚಿಸಿದಳು.

"ಅಕ್ಕಾರ, ಬೂಷ್ಟ ಹಿಡದದ್ದ ಕೈಸರಾನ ಚೀಲದಿಂದ ಅಲ್ಲರಿ. ನಾ ಕಾಯಿಗೆ ನೀರ ಚಿಮುಕಸ್ತಿದ್ದೆ."

ಶ್ರದ್ಧಾ, "ನಾಳೆ ಬರ್ತೇನಿ, ಏನೂ ಮುಟ್ಟಬ್ಯಾಡ್ರಿ," ಅಂದಳು. ಬಂದವಳು ಬೈಯಲಿಲ್ಲ. ಕೈಸರಳ ಹಳೆಯ ಚೀಲ ಎರಡು ತೆಗೆದು, ಒಂದರಲ್ಲಿ ಚಿಮುಕಿಸಿದ ಕಾಯಿ, ಇನ್ನೊಂದರಲ್ಲಿ ಚಿಮುಕಿಸದ ಕಾಯಿ ತುಂಬಿಸಿ, ಹನ್ನೆರಡು ದಿನ ಬೀರುವಿನಲ್ಲಿಟ್ಟಳು. ಒಡೆದಾಗ ಒಂದರಲ್ಲಿ ಬೂಷ್ಟು, ಇನ್ನೊಂದರಲ್ಲಿ ಕೆಂಪಗೆ ಮಿನುಗುವ ಕಾಯಿ. "ನಂದೂ ತಪ್ಪದ ಮೈಲವ್ವಾ. ನೀವು ಹೆಂಗ ಕೆಲಸಾ ಮಾಡ್ತೀರಿ ಅಂತ ಒಂದ ದಿನಾನೂ ಕೂತು ನೋಡ್ಲಿಲ್ಲ ನಾ," ಅಂದಳು. ಹುಬ್ಬಳ್ಳಿಯ ಪ್ಲಾಸ್ಟಿಕ್ ಬೇಡವಾಯಿತು. ಮೈಲವ್ವನ ಕೆಲಸ ಉಳಿಯಿತು. ಕೈಸರಳಿಗೆ ಮೊದಲಿಗಿಂತ ಇಮ್ಮಡಿ ಚೀಲದ ಕೆಲಸ ಬಂತು. ಬೂಷ್ಟಿನ ಕಾರಣವನ್ನೂ ಶ್ರದ್ಧಾ ಅವಳಿಗೆ ಫೋನಿನಲ್ಲೇ ಹೇಳಿದಳು.

ಅದಾದ ಬುಧವಾರ ಕೈಸರ ಗಂಟು ಇಳಿಸಿ, ಎದುರಿಗೆ ಕೂತು, ಒಂದೇ ಮಾತು ಕೇಳಿದಳು. "ನಿಮಗ ಯಾವಾಗ ಗೊತ್ತಾತ್ರಿ, ಅಕ್ಕಾ?"

ಮೊನ್ನೆ ಎನ್ನಬಹುದಿತ್ತು. ಮೈಲವ್ವ ಹಾಗೆ ಅನ್ನಲಿಲ್ಲ. "ನೀ ಆವತ್ತ ಅತ್ತಿದ್ದೆಲ್ಲ, ಅದರ ಹಿಂದಿನ ದಿನ."

ಕೈಸರ ತಲೆಯಾಡಿಸಿದಳು. "ನೀರ ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ಅದು ನಿಮ್ಮ ಕೈ ರೂಢಿ. ನಾ ನನ್ನ ಕೈ ಬಡಕೊಂಡ ಅಳಾಕತ್ತಾಗ ನೀವು ಎದ್ದ ಚುರುಮುರಿ ಕಲಸಿದ್ರಲ್ಲ." ಎದ್ದು ಸೆರಗು ಸರಿ ಮಾಡಿಕೊಂಡು ಹೋದಳು. ಗಂಟೆ ಇನ್ನೂ ಹನ್ನೆರಡೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಚೀಲಗಳು ಬಸ್ಸಿನಲ್ಲಿ ಬರತೊಡಗಿದವು. ರಾಣೇಬೆನ್ನೂರಿನಲ್ಲಿ ಹತ್ತಿಸಿ ಕಂಡಕ್ಟರನ ಕೈಗೆ ಒಪ್ಪಿಸುವುದು, ಬ್ಯಾಡಗಿಯಲ್ಲಿ ಮೈಲವ್ವ ಹೋಗಿ ಇಳಿಸಿಕೊಳ್ಳುವುದು. ಚೀಲಗಳು ಮೊದಲಿಗಿಂತ ಚೊಕ್ಕವಾಗಿದ್ದವು, ಎಣಿಕೆಯಲ್ಲಿ ಒಂದೂ ಕಡಿಮೆಯಿರುತ್ತಿರಲಿಲ್ಲ. ಮೈಲವ್ವ ಪ್ರತಿ ಬುಧವಾರ ಹತ್ತೂವರೆಗೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂರುವಳು. ಬಸ್ಸು ಬಂದಾಗ ಇಳಿಯುವವರನ್ನೆಲ್ಲ ಕೊನೆಯವರೆಗೆ ನೋಡುವಳು, ಆಮೇಲೆ ಗಂಟು ಕೇಳುವಳು. ಏಳು ವಾರ ಹೀಗೆ ನಡೆಯಿತು. ಎಂಟನೆಯ ವಾರ ತಡೆಯಲಾರದೆ ಕಂಡಕ್ಟರನನ್ನು ಕೇಳಿದಳು.

"ಯಪ್ಪಾ, ಇದನ್ನ ಕೊಟ್ಟಾಕಿ ನನಗೇನರ ಹೇಳ್ಯಾಳೇನು?"

ಕಂಡಕ್ಟರ್ ಹೊಸಬ. ಗಂಟನ್ನು ಅವಳ ಕೈಗಿಟ್ಟು, ಊದುವ ಸೀಟಿ ಕೈಗೆತ್ತಿಕೊಳ್ಳುತ್ತ ನೆನಪು ಮಾಡಿಕೊಂಡು ಹೇಳಿದ.

"ಬ್ಯಾರೆ ಏನಿಲ್ಲಬೇ, ಹೆಸರೂ ಹೇಳಿಲ್ಲ. ಬ್ಯಾಡಗಿ ಸ್ಟ್ಯಾಂಡಿನ್ಯಾಗ ಒಬ್ಬಾಕಿ ಮುದುಕಿ ಬರ್ತಾಳ, ಆಕಿಗೆ ಕೊಡ್ರಿ ಅಂದ್ರು."