ಇಸ್ಮೆ ಮಾಡೆಸ್ಟ್ ನಡೆಸಿದ ಸಂದರ್ಶನ

ವಾರಕ್ಕೆರಡು ಸಲ ಕಾಯಿಲೆ ಬೀಳುವುದು ಇಸ್ಮೆ ಮಾಡೆಸ್ಟ್‌ಳ ಉದ್ಯೋಗ. ಗ್ರೆನಡಾ ದ್ವೀಪದ ಮೆಡಿಕಲ್ ಕಾಲೇಜಿನ ಹುಡುಗರು ರೋಗಿಯನ್ನು ಮಾತಾಡಿಸಲು ಕಲಿಯುವುದು ಅವಳ ಮುಂದೆ ಕೂತು. ಒಂದು ದಿನ ಅವಳಿಗೆ ಎದೆನೋವು, ಇನ್ನೊಂದು ದಿನ ತಲೆಸುತ್ತು. ಮೊದಲೆಲ್ಲ ವೋಬರ್ನ್ ಹಳ್ಳಿಯಲ್ಲಿ ಶಾಲಾಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು ಕಣ್ಣು ಮಂಜಾದ ಮೇಲೆ ಈ ಕೆಲಸ ಹಿಡಿದಳು. ಇದರಲ್ಲಿ ಅವಳಿಗೆ ಹಿಡಿಸಿದ್ದು ನಟನೆಗಿಂತ ಹೆಚ್ಚಾಗಿ ಕೆಲಸ ಮುಗಿದ ಮೇಲಿನ ಹರಟೆ.

"ನನ್ನ ಅಕ್ಕ ಹೆಣವನ್ನೂ ಬಿಡಲ್ಲ, ಎಲ್ಲಿಗೆ ಹೊರಟೆ ಅಂತ ಕೇಳ್ತಾಳೆ" ಎಂದು ವ್ಯಾನು ಓಡಿಸುವ ಅವಳ ತಮ್ಮ ಕತ್ಬರ್ಟ್ ಪ್ರಯಾಣಿಕರ ಮುಂದೆಲ್ಲ ಹೇಳುತ್ತಿದ್ದ.

ಹೆಚ್ಚಾಗಿ ಅಮೆರಿಕದಿಂದ ಬಂದ ಈ ಹುಡುಗರು ಎರಡು ವರ್ಷ ಇಲ್ಲಿ ಓದಿ, ಆಮೇಲೆ ತಮ್ಮ ದೇಶದ ಆಸ್ಪತ್ರೆಗಳಿಗೆ ಹೋಗುತ್ತಿದ್ದರು. ಅಲ್ಲಿಂದ ಮುಂದೆ ಏನಾಗುತ್ತಾರೆ ಎಂಬುದು ಅವಳ ತಲೆ ಕೊರೆಯುತ್ತಿತ್ತು. ಅದನ್ನು ಬಿಡಿಸಿ ಹೇಳಿದವನು ಓಹಾಯೊದ ಡಾರ್ಸಿ ವೀಲನ್. ಶನಿವಾರ ಅವಳ ಮನೆಗೆ ಉಪ್ಪುಮೀನು, ಕರಿದ ರೊಟ್ಟಿ ತಿನ್ನಲು ಬರುತ್ತಿದ್ದ ಉದ್ದನೆಯ ಹುಡುಗ.

"ಡಿಗ್ರಿ ಕೈಗೆ ಬಂದ್ರೆ ಸಾಲದು, ಮಿಸ್ ಇಸ್ಮೆ. ಯಾವುದಾದ್ರೂ ಆಸ್ಪತ್ರೆ ತರಬೇತಿಗೆ ತಗೋಬೇಕು. ನಮಗೆ ಯಾವ ಆಸ್ಪತ್ರೆ ಬೇಕು ಅಂತ ನಾವು ಬರೀತೀವಿ, ಯಾವ ಹುಡುಗರು ಬೇಕು ಅಂತ ಅವರು ಬರೀತಾರೆ. ಕಂಪ್ಯೂಟರ್ ಜೋಡಿ ಹಾಕುತ್ತೆ. ಅದೇ ಮ್ಯಾಚ್."

"ಕುಣಿತಕ್ಕೆ ಜೋಡಿ ಹುಡುಕಿದ ಹಾಗೆ! ಯಾರೂ ಕೈ ಹಿಡೀದೆ ಹೋದ್ರೆ?"

"ಮುಂದಿನ ವರ್ಷದ ತನಕ ಗೋಡೆಗೊರಗಿ ನಿಲ್ಲೋದು. ದ್ವೀಪದಲ್ಲಿ ಓದಿದವರಿಗೆ ಆ ಪಾಡು ಜಾಸ್ತಿ. ಅದರಲ್ಲೂ ಸರ್ಜರಿ ಕೇಳಿದ್ರೆ ಮುಗೀತು."

"ನೀನೇನು ಕೇಳ್ತೀಯ?"

"ಸರ್ಜರೀನೇ."

ಅವನು ಹೋದ. ಎರಡು ವರ್ಷ ಕಳೆದು, ಮಾರ್ಚ್ ತಿಂಗಳ ಒಂದು ಸೋಮವಾರ ಫೋನ್ ಬಂತು. "ಯಾರಿಗೂ ಬೇಡವಾದೆ, ಮಿಸ್ ಇಸ್ಮೆ." ಆ ವಾರವಿಡೀ ಅವನು ಖಾಲಿ ಉಳಿದ ಸೀಟುಗಳಿಗಾಗಿ ಒದ್ದಾಡಿದ. ಒಂದೂ ದಕ್ಕಲಿಲ್ಲ. ತನ್ನ ಊರಿನ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ.

ಅವನು ಮತ್ತೆ ವಿಡಿಯೊ ಕರೆ ಮಾಡಿದಾಗ ಇಸ್ಮೆ ಸಮಾಧಾನ ಹೇಳಲು ಹೋಗಲಿಲ್ಲ. ಅವಳಿಗೆ ತಿಳಿಯಬೇಕಾದದ್ದು ಬೇರೆಯೇ ಇತ್ತು. "ಸಂದರ್ಶನದಲ್ಲಿ ಏನು ಕೇಳಿದ್ರು?"

"ದ್ವೀಪಕ್ಕೆ ಯಾಕೆ ಹೋದೆ ಅಂತ. ಎಲ್ಲರದೂ ಅದೇ ಪ್ರಶ್ನೆ."

"ಇರು." ಅವಳು ಎದ್ದು ಚರ್ಚಿಗೆ ಹಾಕುವ ಟೋಪಿ ತಲೆಗಿಟ್ಟು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎದುರು ಕೂತಳು. "ನಾನೀಗ ಆಸ್ಪತ್ರೆಯವಳು. ಹೇಳಿ ಡಾಕ್ಟರ್ ವೀಲನ್, ದ್ವೀಪಕ್ಕೆ ಯಾಕೆ ಹೋದ್ರಿ?"

"ವಿಭಿನ್ನ ಸಂಸ್ಕೃತಿಯ ಜನರೊಂದಿಗೆ ಬೆರೆಯುವ ಅವಕಾಶಕ್ಕಾಗಿ..."

ಇಸ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾರ ಜೊತೆ ಬೆರೆತ್ಯಪ್ಪಾ? ವಾರವೆಲ್ಲ ಪುಸ್ತಕ, ಶನಿವಾರ ನನ್ನ ರೊಟ್ಟಿ! ನಿಜ ಹೇಳು ಮಗಾ, ಯಾಕೆ ಬಂದೆ?"

"ಇಲ್ಲಿ ಯಾವ ಕಾಲೇಜೂ ಸೇರಿಸ್ಕೊಳ್ಳಲಿಲ್ಲ. ಬಿಟ್ಬಿಡು ಅಂದ ಅಪ್ಪ. ಬಿಡೋಕಾಗ್ಲಿಲ್ಲ."

"ಯಾಕಾಗ್ಲಿಲ್ಲ?"

ಆಗ ಅವನು ಹಿಂದೆಂದೂ ಹೇಳದ್ದನ್ನು ಹೇಳಿದ. ಹತ್ತೊಂಬತ್ತರ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವ ಕೆಲಸಕ್ಕಿದ್ದನಂತೆ. ಎಕ್ಸ್‌ರೇಗೆ ಕಾಯುವ ಮುದುಕರು ತಮ್ಮ ನಾಯಿ, ಜಮೀನು, ಸತ್ತ ಹೆಂಡತಿ ಎಲ್ಲದರ ಕತೆ ಇವನಿಗೆ ಹೇಳುತ್ತಿದ್ದರಂತೆ. ಪಾಳಿ ಮುಗಿದರೂ ಕೂತು ಕೇಳುತ್ತಿದ್ದನಂತೆ.

ಇಸ್ಮೆಗೆ ಆಶ್ಚರ್ಯವಾಯಿತು. "ಮತ್ತೆ ಸರ್ಜರಿ ಯಾಕೋ? ಸರ್ಜನ್‌ಗಳ ರೋಗಿಗಳು ನಿದ್ದೆ ಮಾಡ್ತಿರ್ತಾರಲ್ಲ!"

ಡಾರ್ಸಿ ನಗಲಿಲ್ಲ. ಕೆಲಸವಿದೆ ಎಂದು ಫೋನ್ ಇಟ್ಟ. ಅದಾದ ಮೇಲೆ ಎಷ್ಟೋ ತಿಂಗಳು ಅವನ ಸುಳಿವಿಲ್ಲ. "ಕೇಳಬಾರದ್ದು ಕೇಳ್ಬಿಟ್ಟೆ ಕಣೋ" ಎಂದು ಅವಳು ತಮ್ಮನ ಹತ್ತಿರ ಪೇಚಾಡಿದಳು. "ಈವತ್ತು ಗೊತ್ತಾಯ್ತಾ?" ಎಂದ ಕತ್ಬರ್ಟ್.

ಸೆಪ್ಟೆಂಬರಿನಲ್ಲಿ ಡಾರ್ಸಿಯೇ ಫೋನ್ ಮಾಡಿದ. ಈ ಸಲ ಸರ್ಜರಿ ಬಿಟ್ಟು ಫ್ಯಾಮಿಲಿ ಡಾಕ್ಟರ್ ತರಬೇತಿಗೆ ಅರ್ಜಿ ಹಾಕಿದ್ದ. ಆಮೇಲೆ ನಡೆದ ಸಂದರ್ಶನಗಳಲ್ಲಿ ದ್ವೀಪದ ಪ್ರಶ್ನೆ ಬಂದಾಗಲೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದ. ಒಬ್ಬಾಕೆ ಮುಖ ಗಂಟಿಕ್ಕಿದಳಂತೆ, ಇನ್ನೊಬ್ಬ ತನ್ನದೂ ಅದೇ ಕತೆ ಎಂದನಂತೆ. ಮರು ಮಾರ್ಚಿನಲ್ಲಿ ನಾರ್ತ್ ಡಕೋಟಾದ ಪುಟ್ಟ ಊರಿನ ಆಸ್ಪತ್ರೆ ಅವನನ್ನು ತೆಗೆದುಕೊಂಡಿತು. ಇಸ್ಮೆ ಸಂತೋಷ ತಡೆಯಲಾರದೆ ಅಂಗಳಕ್ಕೆ ಬಂದು ಕೇರಿಗೆಲ್ಲ ಕೂಗಿ ಹೇಳಿದಳು.

ಚಳಿಗಾಲದಲ್ಲಿ ಅವನು ಫೋನಿನಲ್ಲಿ ಕಿಟಕಿಯಾಚೆಯ ಹಿಮ ತೋರಿಸಿದ. ಸಮುದ್ರ ಎಷ್ಟು ದೂರ, ನೆರೆಯವರು ಏನು ತಿನ್ನುತ್ತಾರೆ, ಹಿಮದಲ್ಲಿ ಬಸ್ಸು ಜಾರುವುದಿಲ್ಲವೇ ಎಂದೆಲ್ಲ ವಿಚಾರಿಸಿದ ಮೇಲೆ ಇಸ್ಮೆ ದನಿ ತಗ್ಗಿಸಿದಳು. "ಸರ್ಜನ್ ಆಗೋ ಆಸೆ ಪೂರ್ತಿ ಹೋಯ್ತಾ?"

"ಇಲ್ಲ, ಮಿಸ್ ಇಸ್ಮೆ. ಕೆಲವು ದಿನ ಆಪರೇಷನ್ ಥಿಯೇಟರ್ ಮುಂದೆ ಹಾದು ಹೋಗುವಾಗ ಕಾಲು ತಾನಾಗೇ ನಿಲ್ಲುತ್ತೆ."

"ಉಳಿದ ದಿನ?"

"ಉಳಿದ ದಿನ ನೆನಪೇ ಆಗಲ್ಲ. ರೋಗಿಗಳು ಒಬ್ಬೊಬ್ಬರೂ ಎಷ್ಟು ಮಾತಾಡ್ತಾರೆ ಅಂತೀರಿ!"

ಇಸ್ಮೆ ಕುರ್ಚಿ ಮುಂದಕ್ಕೆಳೆದುಕೊಂಡಳು. "ಈವತ್ತು ಯಾರು ಬಂದಿದ್ರು? ಹೆಸರು ಬೇಡ. ಬಾಕಿ ಎಲ್ಲ ಹೇಳು."

"ಹೇಳೋ ಹಾಗಿಲ್ಲ, ಮಿಸ್ ಇಸ್ಮೆ."

"ಊರಾದ್ರೂ?"

ಡಾರ್ಸಿ ನಗುತ್ತ ತಲೆಯಾಡಿಸಿದ. ಹೇಳಲೇ ಇಲ್ಲ.