ಮೊಳೆಗೆ ನೇತುಹಾಕಿದ್ದ ಡಬ್ಬಿ

ನಮ್ಮಣ್ಣನನ್ನು ಮರದ ಮಿಲ್ಲಿನಲ್ಲಿ ಎಲ್ಲರೂ ಗುಡುಗು ಅನ್ನುತ್ತಿದ್ದರು. ಮಾತಿಗಿಂತ ಕೈ ಮುಂದು. ಗರಗಸದ ಬೆಲ್ಟು ಕಿತ್ತುಹೋದರೆ ಯಂತ್ರಕ್ಕೆ ಒದೆ, ನಾನು ತಡವಾಗಿ ಬಂದರೆ ನನಗೆ ಒದೆ. ಅವನ ಏಟು ತಿನ್ನದ ಜೀವ ಒಂದೇ, ಮಿಲ್ಲಿನ ಕಾವಲು ನಾಯಿ. ಹನ್ನೊಂದು ವರ್ಷ ತನ್ನ ತಟ್ಟೆಯಲ್ಲೇ ಅದಕ್ಕೆ ಊಟ ಹಾಕಿದ. ಒಡಹುಟ್ಟಿದ ನನಗೆಲ್ಲಿತ್ತು ಆ ಭಾಗ್ಯ!

ಒಂದು ದಿನ ದಿಮ್ಮಿ ಉರುಳಿ ನಾಯಿಯ ಹಿಂಗಾಲಿಗೆ ಬಡಿಯಿತು. ದಿಮ್ಮಿ ಜಾರಿಸಿದವನ ಎರಡು ಹಲ್ಲನ್ನು ಅಣ್ಣ ಅಲ್ಲೇ ಉದುರಿಸಿದ. ಆಮೇಲೆ ಬಾಗಿಲ ಪಕ್ಕದ ಮೊಳೆಯಿಂದ ತಗಡಿನ ಡಬ್ಬಿ ಇಳಿಸಿದ. ಅದು ನೋವಿನ ಮಾತ್ರೆಯ ಡಬ್ಬಿ. ಸೊಂಟ ಹಿಡಿಯಲಿ, ಬೆರಳು ಜಜ್ಜಲಿ, ಎರಡು ನುಂಗಿ ಮತ್ತೆ ಗರಗಸದ ಮುಂದೆ ನಿಲ್ಲುವುದು ನಮ್ಮ ಮಿಲ್ಲಿನ ಪದ್ಧತಿ. ಅಣ್ಣನಂತೂ ಹೆಗಲ ನೋವಿಗೆಂದು ದಿನಕ್ಕೆ ಆರು ನುಂಗುತ್ತಿದ್ದ. ಕುಂಟುವ ನಾಯಿಗೂ ಹೊತ್ತಿಗೊಂದರಂತೆ ಮೂರು ದಿನ ನುಂಗಿಸಿದ. ಡಾಕ್ಟರಿಗೆ ತೋರಿಸೋಣ ಅಂದದ್ದಕ್ಕೆ ನನ್ನ ಕೆನ್ನೆ ಊದಿತು.

ನಾಲ್ಕನೆಯ ದಿನ ಬೆಳಿಗ್ಗೆ ನಾಯಿ ರಕ್ತ ಕಾರಿತು. ಎತ್ತಲು ಹೋದ ಅಣ್ಣನ ಮುಂಗೈಯನ್ನೇ ಕಚ್ಚಿ ಸೀಳಿತು. ರಕ್ತ ಸುರಿಯುವ ಕೈಯಲ್ಲೇ ಅದನ್ನು ಅಪ್ಪಿಕೊಂಡು ಹೋಗಿ ಪಶುವೈದ್ಯೆಯ ಬಾಗಿಲು ಒದ್ದ. ಮೊಳೆಯ ಮೇಲಿನ ಡಬ್ಬಿಯನ್ನು ಜೇಬಿಗಿಳಿಸಿ ನಾನೂ ಹಿಂದೆಯೇ ಓಡಿದ್ದೆ.

ಆಕೆ ಒಸಡು ನೋಡಿ, ಕಾಲು ಮುಟ್ಟಿ, ಏನಾದರೂ ಮಾತ್ರೆ ಕೊಟ್ಟಿದ್ದೀರಾ ಎಂದು ಕೇಳಿದರು. ಅಣ್ಣ ಇಲ್ಲವೆಂದ. ಕೊಟ್ಟದ್ದು ಯಾವುದೆಂದು ತಿಳಿಯದೆ ತಾನು ಸೂಜಿ ಚುಚ್ಚಿದರೆ ಅದೇ ವಿಷವಾದೀತು ಎಂದು ಮತ್ತೆ ಕೇಳಿದರು. ಅಣ್ಣ ಮೇಜಿನ ಗಾಜಿಗೆ ಗುದ್ದಿ ಪುಡಿ ಮಾಡಿದ. ನನಗೆ ಪಿತ್ತ ನೆತ್ತಿಗೇರಿತು. ಹುಟ್ಟಿದಾಗಿನಿಂದ ತಿಂದ ಏಟುಗಳನ್ನೆಲ್ಲ ಒಟ್ಟಿಗೆ ತೀರಿಸುವವನಂತೆ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದೆ. ಜೇಬಿನಲ್ಲಿ ತಂದಿದ್ದ ಡಬ್ಬಿಯನ್ನು ಆಕೆಯ ಮುಂದಿಟ್ಟೆ.

“ಇದನ್ನೇ ಕೊಟ್ಟಿದ್ದಾನೆ ಮೇಡಂ. ದಿನಕ್ಕೆ ಮೂರು.”

ಡ್ರಿಪ್ ಹಾಕುತ್ತಲೇ ಆಕೆ ಬೈದರು. ಮನುಷ್ಯರ ಮಾತ್ರೆ ನಾಯಿಯ ಹೊಟ್ಟೆಯನ್ನು ಹುಣ್ಣು ಮಾಡಿದೆ, ಮಲ ಟಾರಿನ ಹಾಗೆ ಕಪ್ಪಗಿರುವುದು ಒಳಗೆ ರಕ್ತ ಸೋರುವ ಗುರುತು. ಉಳಿದರೆ ಕಾಲಿಗೆ ಆರು ವಾರ ವಿಶ್ರಾಂತಿ, ತಾನು ಬರೆದುಕೊಟ್ಟದ್ದು ಬಿಟ್ಟು ಒಂದು ಚೂರೂ ಕೂಡದು ಎಂದರು.

ಅಣ್ಣ ಗೋಡೆಗೊರಗಿ ಕುಸಿದು ಕೂತಿದ್ದ. ಎದ್ದು ನನ್ನನ್ನು ಹುಟ್ಟಲಿಲ್ಲ ಅನ್ನಿಸುತ್ತಾನೆಂದು ಕಾದೆ. ಏಳಲಿಲ್ಲ.

“ನಂಗೂ ಹಾಗೇ ಕಪ್ಪಗೆ ಹೋಗ್ತಿದೆ ಕಣೋ,” ಅಂದ. “ಒಂದು ತಿಂಗಳಾಯ್ತು.”

ನಾಯಿ ಉಳಿಯಿತು, ಸ್ವಲ್ಪ ಕುಂಟುತ್ತದೆ. ಅಣ್ಣ ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಹೋದ. ಹಾಳಾದವನು, ಈಗ ಮಿಲ್ಲಿಗೆ ತಡವಾಗಿ ಹೋದರೂ ನನಗೆ ಒದೆಯುವವರಿಲ್ಲ.