ಬೆಳ್ಳಗಾಗದ ಮೊಲ

ಎಂಬತ್ತರ ದಶಕ. ಅಮೆರಿಕದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ನಾನು ಕನ್ನಡ ಮಾತಾಡುತ್ತಿದ್ದದ್ದು ದಿನಕ್ಕೆ ಒಂದು ಗಂಟೆ, ಅದೂ ಐದು ವರ್ಷದ ಮಗಳ ಜೊತೆ. ಯಜಮಾನರು ಆಫೀಸಿನಿಂದ ಬರುವಷ್ಟರಲ್ಲಿ ಅವರಿಗೂ ಮಾತು ಬೇಡ, ನನಗೂ ಬೇಡ. ಸಂಜೆ ದೇವರ ದೀಪ ಹಚ್ಚಿ, ಮೈಸೂರಿನಿಂದ ತಂದಿದ್ದ ಒಂದೇ ಒಂದು ಮಕ್ಕಳ ಪುಸ್ತಕ ತೆಗೆಯುತ್ತಿದ್ದೆ. ಕನ್ನಡಕ್ಕೆ ಬಂದಿದ್ದ ರಷ್ಯದ ಜನಪದ ಕತೆ.

ಚಳಿಗಾಲದಲ್ಲಿ ಕಾಡಿನ ಮೊಲಗಳೆಲ್ಲ ಬೆಳ್ಳಗಾಗುತ್ತವೆ. ಒಂದು ಮಾತ್ರ ಕಂದುಬಣ್ಣದಲ್ಲೇ ಉಳಿಯುತ್ತದೆ. ನಿನ್ನಿಂದ ನಾವೂ ತೋಳದ ಕಣ್ಣಿಗೆ ಬೀಳುತ್ತೇವೆ ಎಂದು ಉಳಿದವು ಅದನ್ನು ಓಡಿಸುತ್ತವೆ. ಅದು ಅಳಿಲಿನ ಬಾಗಿಲು ತಟ್ಟುತ್ತದೆ, ಮುಳ್ಳುಹಂದಿಯ ಬಾಗಿಲು ತಟ್ಟುತ್ತದೆ, ಕೊನೆಗೆ ಕರಡಿಯದು. ಯಾರೂ ತೆರೆಯುವುದಿಲ್ಲ. ಮೊಲ ಹಿಮದಲ್ಲಿ ಒಂಟಿಯಾಗಿ ನಡೆದು ಹೋಗುತ್ತದೆ. ಕತೆ ಅಷ್ಟೇ.

ದೀಪ ಹಚ್ಚಿದ ಹೊತ್ತಿನಲ್ಲಿ ಅಂಥದ್ದನ್ನು ಬಾಯಲ್ಲಿ ಆಡಬಾರದು, ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ಸಮುದ್ರ ದಾಟಿ ಬಂದರೂ ಆ ಭಯ ನನ್ನನ್ನು ಬಿಟ್ಟಿರಲಿಲ್ಲ. ಮಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲವಲ್ಲ, ನಾನೇ ಒಂದು ಸುಳ್ಳು ಸೇರಿಸಿದೆ. ಮೊಲ ಬಾಗಿಲಲ್ಲೇ ಕಾದು ನಿಲ್ಲುತ್ತದೆ, ಕರಡಿ ಮನಸ್ಸು ಕರಗಿ ಅದನ್ನು ಒಳಗೆ ಕರೆಯುತ್ತದೆ. ಕೊನೆಯ ಚಿತ್ರದಲ್ಲಿ ದೂರ ಹೋಗುವ ಮೊಲದ ಬೆನ್ನು ಕಾಣುತ್ತಿತ್ತು. ಅದರ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದೆ. ಬಹಳ ಜಾಣೆ ನಾನು.

ಒಂದು ಮಧ್ಯಾಹ್ನ ಸ್ಕೂಲಿನ ಟೀಚರ್ ನನ್ನನ್ನು ತಡೆದು ನಿಲ್ಲಿಸಿದರು. ಆಟದ ಬಯಲಿನಲ್ಲಿ ಮರದ್ದೊಂದು ಪುಟ್ಟ ಆಟದ ಮನೆ ಇತ್ತು. ಬಿಡುವಿನಲ್ಲಿ ಮಗಳು ದಿನಾ ಅದರ ಬಾಗಿಲು ತಟ್ಟುತ್ತಾಳಂತೆ. ಒಳಗಿನ ಹುಡುಗಿಯರು ಬೇಡ ಅನ್ನುತ್ತಾರಂತೆ. ಆಮೇಲೆ ಬೆಲ್ ಹೊಡೆಯುವವರೆಗೂ ಅಲ್ಲೇ ನಿಂತಿರುತ್ತಾಳಂತೆ. ಉಯ್ಯಾಲೆಗೆ ಕರೆದರೆ ಬರುವುದಿಲ್ಲ, ಕಾದರೆ ಕರೆಯುತ್ತಾರೆ ಅನ್ನುತ್ತಾಳೆ ಎಂದು ಟೀಚರ್ ಹೇಳಿದರು. ಎಷ್ಟು ದಿನದಿಂದ ಎಂದು ಕೇಳಿದೆ. ಒಂದು ತಿಂಗಳಾಯಿತು ಅಂದರು.

ಆ ಸಂಜೆಯೂ ದೀಪ ಹಚ್ಚಿದೆ. ದೇವತೆಗಳು ಏನು ಬೇಕಾದರೂ ಅಂದುಕೊಳ್ಳಲಿ ಎಂದು, ಚಿತ್ರದ ಮೇಲಿನ ಕೈ ತೆಗೆದು, ಅಚ್ಚಾಗಿದ್ದದ್ದನ್ನು ಹಾಗೇ ಓದಿದೆ. ನಾನು ಇಷ್ಟು ದಿನ ಸುಳ್ಳು ಹೇಳಿದ್ದೆ ಎಂದೂ ಒಪ್ಪಿಕೊಂಡೆ.

ಅವಳು ಅಳಲಿಲ್ಲ. ಚಿತ್ರವನ್ನೇ ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ನಾನು ವೇಟ್ ಮಾಡೋದು ಬೇಡ್ವಾ ಅಮ್ಮ?"

"ಬೇಡ ಪುಟ್ಟಿ. ನಾಳೆ ಹೋಗಿ ಉಯ್ಯಾಲೆ ಆಡು."

"ಓಕೆ," ಅಂದಳು. "ಲೆಗ್ಸು ತುಂಬಾ ನೋಯ್ತಿತ್ತು."

ಅವಳಿಗೆ ನಿದ್ದೆ ಬರುವವರೆಗೂ ಕಾಲು ಒತ್ತುತ್ತಾ ಕೂತೆ. ಒಂದು ತಿಂಗಳು ಅವಳನ್ನು ಆ ಬಾಗಿಲಲ್ಲಿ ನಿಲ್ಲಿಸಿದ್ದವಳು ನಾನೇ.